ಬಾಕಿ ಪುಟ: ಗೋವಾದ ಕಡಲತಡಿಯಲ್ಲಿ ಉಂಗುರ ಹುಡುಕುವ ಗೆಳೆಯರ ಬಳಗಕ್ಕೆ ಕೈಪಿಡಿ

ಲೋಹ ಪತ್ತೆಮಾಡುವ ಡಿಟೆಕ್ಟರ್‌ಗೆ ಕಾಣುವುದು ಅದರ ಕಾಯಿಲಿನ (ದಂಡದ ತುದಿಯ ತಂತಿಸುರುಳಿಯ ತಟ್ಟೆಯ) ಕೆಳಗಿರುವ ಒಂದು ಗೇಣು ಮರಳು ಮಾತ್ರ. ಕೊಲ್ವಾದ ಉದ್ದನೆಯ ತಡಿಯಲ್ಲಿ ಆ ಒಂದು ಗೇಣು ಯಾವುದು ಎಂದು ಹೇಳಬೇಕಾದದ್ದು ಜನರ ನೆನಪು. ಉಂಗುರ ಕಳೆದುಕೊಂಡವರಿಗೆ ಗಾಬರಿಯಲ್ಲಿ ಅರ್ಧ ಮಾತ್ರ ನೆನಪಿರುತ್ತದೆ. ಉಳಿದರ್ಧವನ್ನು ತುಂಬಬೇಕಾದವರು ವರ್ಷಗಟ್ಟಲೆ ಅದೇ ಮರಳನ್ನು ತುಳಿದ ಗೆಳೆಯರು. ವಾಸ್ಕೊ, ಮಡಗಾಂವ್, ಮಾಪುಸಾ ಕಡೆ ನೆಲೆಸಿ ರವಿವಾರ ಡಿಟೆಕ್ಟರ್ ಹಿಡಿದು ಹೊರಡುವ ನಮ್ಮ ಮಂದಿ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುತ್ತಾರೆ, ನಲವತ್ತು ರೂಪಾಯಿಯ ಒಂದು ದಫ್ತರ ಇಡುವುದಿಲ್ಲ. ಆ ದಫ್ತರವನ್ನೂ ಅದರಲ್ಲಿ ಹುಡುಕಿ ಸಿಗದವುಗಳ ಬಾಕಿ ಪುಟವನ್ನೂ ಇಡುವ ಬಗೆಯನ್ನೂ ಬಳಗ ಒಡೆಯದೆ ಉಳಿಯುವ ಬಗೆಯನ್ನೂ ಹುಡುಕಾಟದ ಜೊತೆಗೇ ಇಲ್ಲಿ ಹೇಳಿದ್ದೇವೆ. ಇವು ಒಂದಕ್ಕೊಂದು ಹೆಣೆದುಕೊಂಡ ಕೆಲಸಗಳು.

ಮೊದಲು ಮಾತು ಮುಗಿಸಿಕೊಳ್ಳಿ

ಬಳಗಕ್ಕೆ ನಾಲ್ಕರಿಂದ ಆರು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ತಡಿಯ ಮೇಲೆ ಗದ್ದಲ, ಯಂತ್ರಗಳ ನಡುವೆ ಗೊಂದಲ. ಪಕ್ಕಪಕ್ಕದಲ್ಲಿ ಎರಡು ಡಿಟೆಕ್ಟರ್ ಓಡಿದರೆ ಒಂದರ ಅಲೆ ಇನ್ನೊಂದಕ್ಕೆ ತಾಗಿ ಎರಡೂ ಬಡಬಡಿಸುತ್ತವೆ. ಕನಿಷ್ಠ ಹತ್ತು ಮೀಟರ್ ಅಂತರ ಬೇಕು. ಅಂತರ ಇಡಲಾಗದಿದ್ದರೆ ಇಬ್ಬರೂ ಹೊರಗಿನ ಅಡಚಣೆ ತಗ್ಗಿಸುವ ನಾಯ್ಸ್ ಕ್ಯಾನ್ಸಲ್ ಒತ್ತಿ ಬೇರೆ ಬೇರೆ ಚಾನೆಲ್‌ಗೆ ಹೋಗಬೇಕು. ಮೊಬೈಲ್ ಕಿಸೆಯಲ್ಲಿ ಇರಬಾರದು, ಚೀಲದಲ್ಲಿರಲಿ.

ಸ್ನೇಹ ಕೆಡುವುದು ಸಾಮಾನ್ಯವಾಗಿ ಸಿಕ್ಕ ವಸ್ತುವಿನಿಂದಲ್ಲ, ಮೊದಲೇ ಆಡದೆ ಬಿಟ್ಟ ಮಾತಿನಿಂದ. ಅದಕ್ಕೇ ಮೊದಲ ಪುಟದಲ್ಲೇ ಬರೆದು ಎಲ್ಲರೂ ಸಹಿ ಮಾಡಿ. ಹುಡುಕಿಕೊಡಲು ಶುಲ್ಕವಿಲ್ಲ, ಪೆಟ್ರೋಲಿನ ಖರ್ಚು ಮಾತ್ರ, ಅದೂ ಅವರು ಕೊಟ್ಟರೆ. ಒಡೆಯರು ಖುಷಿಯಿಂದ ಕೊಟ್ಟ ದುಡ್ಡು ಯಾರ ಕೈಗೆ ಬಂದರೂ ಬಳಗದ ಡಬ್ಬಿಗೆ ಹೋಗಬೇಕು. ಯಂತ್ರ ಹಿಡಿದವನಿಗೆ ಹೆಚ್ಚು, ಮರಳು ತೋಡಿದವನಿಗೆ ಕಡಿಮೆ ಎಂಬ ಲೆಕ್ಕ ಒಮ್ಮೆ ಶುರುವಾದರೆ ಎರಡು ಹಂಗಾಮೂ ಬಾಳುವುದಿಲ್ಲ. ಚಿಲ್ಲರೆ ನಾಣ್ಯ ಡಬ್ಬಿಗೆ. ಒಡೆಯರು ಗೊತ್ತಿಲ್ಲದ ಒಡವೆ ಅದೇ ದಿನ ಹತ್ತಿರದ ಪೊಲೀಸ್ ಠಾಣೆಗೆ, ಇಬ್ಬರು ಹೋಗಿ ಕೊಟ್ಟು ಬರಹದಲ್ಲಿ ರಸೀದಿ ತರಬೇಕು. 1872ರ ಕರಾರು ಕಾಯ್ದೆಯ ಪ್ರಕಾರ, ಬೇರೆಯವರ ವಸ್ತುವನ್ನು ಕಂಡು ತನ್ನ ವಶಕ್ಕೆ ತೆಗೆದುಕೊಂಡವನಿಗೆ ಅದನ್ನು ಜೋಪಾನ ಮಾಡುವ ಹೊಣೆ ಇದೆ. ಕಿಸೆಗೆ ಹಾಕಿಕೊಂಡು ಸುಮ್ಮನಾದರೆ ಅದು ಅಪರಾಧ.

ಎರವಲು ಯಂತ್ರದ ನಿಯಮವೂ ಅಲ್ಲೇ ಇರಲಿ. ಒಯ್ದವರು ಮರಳಿಸುವ ಮುನ್ನ ಕಾಯಿಲು, ದಂಡ, ಮರಳು ತೋಡುವ ಸ್ಕೂಪು ಮೂರನ್ನೂ ಸಿಹಿನೀರಿನಲ್ಲಿ ತೊಳೆದು, ಕಾಯಿಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಒಳಗಿನ ಮರಳು ಜಾಡಿಸಿ, ನೆರಳಲ್ಲಿ ಒಣಗಿಸಿ ಕೊಡಬೇಕು. ಕವರಿನೊಳಗೆ ಕೂತ, ಕಬ್ಬಿಣದಂಶದ ಕಪ್ಪು ಮರಳು ಮುಂದಿನ ಸಲ ಇಲ್ಲದ ಸದ್ದು ಮಾಡಿಸುತ್ತದೆ. ಆಮೇಲೆ ಯಂತ್ರ ಕೆಟ್ಟಿತೆಂದು ಒಬ್ಬರ ಮೇಲೊಬ್ಬರು ಬೊಟ್ಟು ಮಾಡುತ್ತಾರೆ.

ಕೇಳುವುದು ಹುಡುಕುವುದಕ್ಕಿಂತ ದೊಡ್ಡ ಕೆಲಸ

ಕರೆ ಬಂದ ತಕ್ಷಣ ಯಂತ್ರ ಹೊತ್ತು ಓಡಬೇಡಿ. ಬಳಗದಲ್ಲಿ ಸಮಾಧಾನವಾಗಿ ಮಾತಾಡಬಲ್ಲ ಹಿರಿಯರೊಬ್ಬರು ಒಡೆಯರ ಜೊತೆ ಕೂತು ಮೊದಲು ಕಾಲು ಗಂಟೆ ಕೇಳಲಿ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದ ಮನೆಯವರಾದರೆ ಅವರ ಮಾತಿನಲ್ಲೇ ಕೇಳಿ: “ಅಕ್ಕಾರ, ಬೆರಳು ಖಾಲಿ ಅಂತ ಗೊತ್ತಾದಾಗ ಎಲ್ಲಿ ನಿಂತಿದ್ರಿ? ಅದಕ್ಕಿಂತ ಮೊದಲು ಉಂಗುರ ಕಣ್ಣಾರೆ ನೋಡಿದ್ದು ಯಾವಾಗ?” ಈ ಎರಡು ಹೊತ್ತಿನ ನಡುವೆ ಅವರು ನಡೆದ ದಾರಿಯೇ ನಿಮ್ಮ ಹೊಲ. “ಎಲ್ಲಿ ಬಿತ್ತು?” ಎಂದು ನೇರ ಕೇಳಿದರೆ ಜನ ಊಹೆ ಹೇಳುತ್ತಾರೆ, ಆ ಊಹೆಯನ್ನೇ ಆಮೇಲೆ ನೆನಪೆಂದು ನಂಬುತ್ತಾರೆ.

ಉಂಗುರ ಜಾರುವುದು ಕೆಲವೇ ಗಳಿಗೆಗಳಲ್ಲಿ. ತಣ್ಣೀರಿಗೆ ಬೆರಳು ಸೊರಗಿದಾಗ, ಸನ್‌ಸ್ಕ್ರೀನ್ ಹಚ್ಚಿಕೊಂಡಾಗ, ಚೆಂಡು ಬೀಸಿ ಒಗೆದಾಗ, ಟವೆಲ್ ಜಾಡಿಸಿದಾಗ, ಬಿಚ್ಚಿ ಚಪ್ಪಲಿಯೊಳಗೆ ಇಟ್ಟು ಮರೆತಾಗ. ಒಂದೊಂದನ್ನೂ ಹೆಸರಿಸಿ ಕೇಳಿ. ಅವರ ಮೊಬೈಲಿನ ಅಂದಿನ ಫೋಟೊಗಳನ್ನು ಹೊತ್ತಿನ ಪ್ರಕಾರ ಸಾಲಾಗಿ ನೋಡಿ. ಉಂಗುರ ಇರುವ ಕೊನೆಯ ಫೋಟೊ, ಇಲ್ಲದ ಮೊದಲ ಫೋಟೊ, ಇವೆರಡರ ಹಿಂದೆ ಕಾಣುವ ತೆಂಗಿನ ಸಾಲು, ಕಟ್ಟಡ, ಬಾವುಟ. ಎಷ್ಟೋ ಸಲ ಅರ್ಧ ಕಿಲೋಮೀಟರ್ ಇದ್ದ ಹೊಲ ಇಷ್ಟರಲ್ಲೇ ಹತ್ತು ಮೀಟರಿಗೆ ಇಳಿಯುತ್ತದೆ.

ಉಂಗುರದ ಗುರುತನ್ನು ಕೇಳಿ ಬರೆದುಕೊಳ್ಳಿ, ಆದರೆ ಆ ಗುರುತನ್ನು ತಡಿಯಲ್ಲಿ ಯಾರಿಗೂ ಹೇಳಬೇಡಿ. ಒಳಗೆ ಕೆತ್ತಿಸಿದ ಹೆಸರು, ಕಲ್ಲಿನ ಬಣ್ಣ, ತೂಕ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆಯಾದ ಎಚ್‌ಯುಐಡಿ ಕಡ್ಡಾಯ. ಹೊಸ ಉಂಗುರವಾದರೆ ಬಿಲ್ಲಿನ ಫೋಟೊ ತರಿಸಿಕೊಂಡು, ಅದರಲ್ಲಿ ಆ ಸಂಖ್ಯೆ ಇದ್ದರೆ ಹೊಂದಿಸಿ ನೋಡಿ. ಭೂತಗನ್ನಡಿ ಬೇಕಾಗುತ್ತದೆ, ಅಕ್ಷರ ಬಹಳ ಸಣ್ಣದು.

ಮಂಗಳಸೂತ್ರ ಕಳೆದಿದೆ ಎಂದರೆ ಇನ್ನೊಂದು ಪ್ರಶ್ನೆ ಇದೆ: ಸರ ತುಂಡಾಯಿತೇ, ಇಡೀ ಬಿತ್ತೇ? ತೆಳು ಸರವನ್ನು ಡಿಟೆಕ್ಟರ್ ಇಡಿಯಾಗಿ ಕಾಣುವುದಿಲ್ಲ. ಒಂದೊಂದು ಕೊಂಡಿಯನ್ನೂ ಬಿಡಿ ಚೂರಿನಂತೆ ನೋಡುವುದರಿಂದ ಐದಾರು ಗ್ರಾಮಿನ ಸರ ಒಂದು ಗ್ರಾಮಿನ ಮೂಗುತಿಯಷ್ಟೂ ಸದ್ದು ಮಾಡದೆ ಹೋಗಬಹುದು. ಕರಿಮಣಿ ಅದಕ್ಕೆ ಕಾಣುವುದೇ ಇಲ್ಲ. ಸದ್ದು ಕೊಡುವುದು ತಾಳಿಬಟ್ಟಲು, ಕೊಕ್ಕೆ. ಆದ್ದರಿಂದ ತಾಳಿಬಟ್ಟಲನ್ನು ಹುಡುಕಿ, ಅದು ಸಿಕ್ಕ ಜಾಗದ ಸುತ್ತ ಒಂದು ಮೀಟರ್ ಮರಳನ್ನು ಕೈಯಿಂದ ಜಾಲರಿಗೆ ಹಾಕಿ ಜರಡಿ ಹಿಡಿಯಿರಿ.

ಮರಳಿನ ಮೇಲೆ

ಒಣ ಮರಳಿನಲ್ಲಿ ಇತ್ತೀಚೆಗೆ ಬಿದ್ದದ್ದು ಬಹುತೇಕ 10–15 ಸೆಂಟಿಮೀಟರ್ ಒಳಗೇ ಇರುತ್ತದೆ, ಅವಸರವಿಲ್ಲ. ಅಲೆ ಒಡೆಯುವ ಜಾಗದಲ್ಲಿ ಹಾಗಲ್ಲ. ನೀರಿನ ಸಾಂದ್ರತೆ 1 ಎಂದರೆ ಮರಳಿನದು ಸುಮಾರು 2.65, ಶುದ್ಧ ಚಿನ್ನದ್ದು 19.3. ಒಂದೊಂದು ಅಲೆ ಮರಳನ್ನು ಕಲಕಿದಾಗಲೂ ಉಂಗುರ ಒಂದು ಮೆಟ್ಟಿಲು ಕೆಳಗಿಳಿದು, ಕೊನೆಗೆ ಚಿಪ್ಪಿನ ಪದರದ ಮೇಲೋ ಗಟ್ಟಿ ಜೇಡಿಯ ಮೇಲೋ ಕೂರುತ್ತದೆ. ಅಲ್ಲಿ ಬಿದ್ದದ್ದಕ್ಕೆ ಮೊದಲ ಇಳಿತದಲ್ಲೇ ಹೋಗಬೇಕು.

ಮುರ್ಗಾಂವ್ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿ, ಇಳಿತದ ಹೊತ್ತಿಗೆ ಎರಡು ಗಂಟೆ ಮೊದಲೇ ತಡಿಯಲ್ಲಿರಿ. ನೀರು ಹಿಂದೆ ಸರಿದಂತೆ ನೀವೂ ಇಳಿಯುತ್ತ ಹೋಗಬಹುದು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಹೋಗುತ್ತದೆ. ಸೊಂಟದ ಮೇಲಿನ ನೀರಿಗೆ ಯಾರೂ ಇಳಿಯಬಾರದು. ಮಳೆಗಾಲದಲ್ಲಿ ಮೊಣಕಾಲಿನಷ್ಟೂ ಬೇಡ. ಹೋದ ಕೂಡಲೇ ಜೀವರಕ್ಷಕರಿಗೆ ಏನು ಹುಡುಕುತ್ತಿದ್ದೀರಿ ಎಂದು ತಿಳಿಸಿ.

ಕೆಲಸ ಶುರು ಮಾಡುವ ಮುನ್ನ ಕಳೆದದ್ದನ್ನೇ ಹೋಲುವ ಉಂಗುರವೊಂದಕ್ಕೆ ಎರಡು ಮೊಳ ಕೆಂಪು ದಾರ ಕಟ್ಟಿ, ದಾರದ ತುದಿಗೆ ಕಡ್ಡಿ ಕಟ್ಟಿ, ಅದೇ ಮರಳಿನಲ್ಲಿ 10, 15, 20 ಸೆಂಟಿಮೀಟರ್ ಆಳಕ್ಕೆ ಹೂಳಿ ಸದ್ದು ಕೇಳಿ. ಮನೆಯಂಗಳದಲ್ಲಿ ಕೇಳಿದ ಸದ್ದು ಇಲ್ಲಿ ಲೆಕ್ಕಕ್ಕಿಲ್ಲ. ಉಪ್ಪುನೀರು ವಿದ್ಯುತ್ ಹರಿಸುವುದರಿಂದ ಒದ್ದೆ ಮರಳೇ ತೆಳು ಚಿನ್ನದಂತೆ ಸದ್ದು ಮಾಡುತ್ತದೆ. ಒಂದೇ ಫ್ರೀಕ್ವೆನ್ಸಿಯ ಅಗ್ಗದ ಯಂತ್ರ ಒಣ ಮರಳಿಗೆ ಸಾಕು, ಒದ್ದೆಗೆ ಆಗದು. ಅಲ್ಲಿ ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಬಿಡುವ ಯಂತ್ರ ಬೇಕು, ಇಲ್ಲವೇ ಅಲೆಯನ್ನು ಬಿಟ್ಟು ಬಿಟ್ಟು ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರ ಬೇಕು. ಪಲ್ಸ್ ಆಳಕ್ಕೆ ಹೋಗುತ್ತದೆ, ಆದರೆ ಕಬ್ಬಿಣ ಯಾವುದು ಚಿನ್ನ ಯಾವುದು ಎಂದು ಹೇಳುವುದಿಲ್ಲ. ಸಿಕ್ಕಿದ್ದನ್ನೆಲ್ಲ ತೋಡಬೇಕು.

ಸೆನ್ಸಿಟಿವಿಟಿಯನ್ನು (ಯಂತ್ರದ ಸೂಕ್ಷ್ಮತೆಯನ್ನು) ಕೊನೆಯವರೆಗೆ ಏರಿಸಿಡುವುದು ಹೊಸಬರೆಲ್ಲ ಮಾಡುವ ತಪ್ಪು. ಯಂತ್ರ ಸುಮ್ಮನಾಗುವವರೆಗೆ ಇಳಿಸಿ, ಆಮೇಲೆ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಅಲ್ಲಿನ ನೆಲದ ಸದ್ದಿಗೆ ಯಂತ್ರವನ್ನು ಹೊಂದಿಸಿ. ಒದ್ದೆ ಮರಳಿನಲ್ಲಿ ನೀರಿನಂಚಿಗೆ ಸಮಾನಾಂತರವಾಗಿ ನಡೆಯಿರಿ. ಒದ್ದೆಯಿಂದ ಒಣಗಿದ್ದಕ್ಕೆ, ಒಣಗಿದ್ದರಿಂದ ಒದ್ದೆಗೆ ಅಡ್ಡಡ್ಡ ಹೋದರೆ ಹೆಜ್ಜೆಹೆಜ್ಜೆಗೂ ಉಪ್ಪಿನ ಪ್ರಮಾಣ ಬದಲಾಗಿ ಸುಳ್ಳು ಸದ್ದು ಬರುತ್ತದೆ. ಜಂಬಿಟ್ಟಿಗೆ ಕಲ್ಲಿನ ದಂಡೆ ಇರುವಲ್ಲಿ ಇನ್ನೂ ಕಷ್ಟ. ಅದರಲ್ಲಿನ ಕಬ್ಬಿಣದಂಶ ಯಂತ್ರವನ್ನು ಏಮಾರಿಸುತ್ತದೆ. ಅಲ್ಲಿ ಸಣ್ಣ ಕಾಯಿಲು ಹಾಕಿ, ನಿಧಾನ ಬೀಸಿ.

ಹಗ್ಗದಿಂದ 10×10 ಮೀಟರ್ ಚೌಕ ಹಾಕಿ, ನಡುವೆ ಒಂದೊಂದು ಮೀಟರಿಗೆ ಗೆರೆ ಎಳೆಯಿರಿ. 11 ಇಂಚಿನ ಕಾಯಿಲನ್ನು ಮರಳಿಗೆ ತಾಗಿತೋ ಇಲ್ಲವೋ ಎಂಬಷ್ಟು ಹತ್ತಿರ, ಮಟ್ಟಸವಾಗಿ ಬೀಸಬೇಕು. ಬೀಸಿನ ಕೊನೆಯಲ್ಲಿ ಕೈ ಮೇಲೇಳುವುದು ಎಲ್ಲರಿಗೂ ಇರುವ ಚಾಳಿ, ಉಂಗುರ ತಪ್ಪುವುದೇ ಅಲ್ಲಿ. ಪ್ರತಿ ಬೀಸೂ ಹಿಂದಿನದರ ಅರ್ಧ ಕಾಯಿಲನ್ನು ಮುಚ್ಚಬೇಕು. ಚೌಕ ಮುಗಿದ ಮೇಲೆ ಅಡ್ಡಲಾಗಿ ಇನ್ನೊಮ್ಮೆ, ಈ ಸಲ ಬೇರೆಯವರು. ಒಂದೇ ಜೋಡಿ ಕಿವಿ ಎರಡು ಸಲ ಅದೇ ತಪ್ಪು ಮಾಡುತ್ತದೆ.

ಡಿಸ್ಕ್ರಿಮಿನೇಷನ್, ಅಂದರೆ ಕೆಲವು ಲೋಹಗಳ ಸದ್ದನ್ನು ಮುಚ್ಚುವ ಸೆಟ್ಟಿಂಗ್, ಬೇಡವೇ ಬೇಡ. ಡಬ್ಬಿ ಬಿಯರಿನ ಅಲ್ಯುಮಿನಿಯಂ ಕೊಂಡಿಯೂ ಚಿನ್ನದ ಉಂಗುರವೂ ಯಂತ್ರದ ಪರದೆಯಲ್ಲಿ ಒಂದೇ ಅಂಕಿ ತೋರಿಸಬಹುದು. ಕೊಂಡಿಯನ್ನು ಮುಚ್ಚಿದರೆ ಉಂಗುರವನ್ನೂ ಮುಚ್ಚಿದಂತೆ. ಬಾಟಲಿಯ ಉಕ್ಕಿನ ಮುಚ್ಚಳವನ್ನು ಮಾತ್ರ ತೋಡದೆಯೇ ಗುರುತಿಸಬಹುದು. ಕಾಯಿಲನ್ನು ನಿಧಾನ ಹಿಂದಕ್ಕೆ ಎಳೆದು ಅಂಚು ಅದರ ಮೇಲೆ ಬರುವಂತೆ ಮಾಡಿದರೆ ಸದ್ದು ಒಡೆದು ಗೊರಗುಟ್ಟುತ್ತದೆ. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ಅವುಗಳ ಅಂಕಿ ಬೀಸಿಗೊಂದು ಥರ ಕುಣಿಯುತ್ತದೆ.

ಒಬ್ಬರು ಯಂತ್ರ, ಒಬ್ಬರು ಸ್ಕೂಪು, ಒಬ್ಬರು ದಫ್ತರ. ತೋಡಿದ ಗುಂಡಿ ಆಗಿಂದಾಗ್ಗೆ ಮುಚ್ಚಬೇಕು. ಸಿಕ್ಕ ಕಸ ಸೊಂಟದ ಚೀಲಕ್ಕೆ.

ಹೋಗಬಾರದ ಜಾಗಗಳನ್ನು ಚುಟುಕಾಗಿ ಹೇಳುತ್ತೇವೆ, ಇದರಲ್ಲಿ ಚರ್ಚೆಯಿಲ್ಲ. ಮೋರ್ಜಿ, ಮಾಂದ್ರೆ, ಆಗೊಂದ, ಗಾಲ್ಜಿಬಾಗ್ ಕಡಲಾಮೆ ಮೊಟ್ಟೆಯಿಡುವ ತಡಿಗಳು. ನವೆಂಬರಿನಿಂದ ಮೇ ತನಕ ಅಲ್ಲಿ ಸ್ಕೂಪು ಊರಬೇಡಿ. ಬಳ್ಳಿ ಹಬ್ಬಿದ ಮರಳುದಿಬ್ಬ ಯಾವ ಕಾಲಕ್ಕೂ ಬೇಡ. ಹಳೆ ಗೋವಾದ ಚರ್ಚುಗಳು, ಆಗ್ವಾದ ಕೋಟೆ ಮೊದಲಾದ ಸಂರಕ್ಷಿತ ಸ್ಮಾರಕಗಳ ಹತ್ತಿರ ಯಂತ್ರ ಹೊರತೆಗೆಯಲೇಬೇಡಿ. ಪೋರ್ಚುಗೀಸ್ ಕಾಲದ ನಾಣ್ಯ ಸಿಕ್ಕರೆ ಇಸವಿ ನೋಡಿ. 1958ರಲ್ಲಿ ಬಂದ ಎಸ್ಕುಡೊ ಇನ್ನೂ ನೂರು ವರ್ಷ ಮುಟ್ಟಿಲ್ಲ. 1901ರ ಕಾಲು ಟಾಂಗಾ ಮುಟ್ಟಿದೆ, 1972ರ ಕಾಯ್ದೆಯಂತೆ ಅದು ಪುರಾತನ ವಸ್ತು. ದೇಶದಾಚೆ ಒಯ್ಯುವಂತಿಲ್ಲ. ನೆಲದಲ್ಲಿ ಹುದುಗಿದ ನಿಧಿಯಂಥದ್ದು ಕಂಡರೆ 1878ರ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತ ವರದಿ ಕೊಡಬೇಕು. ಅದರ ಬೆಲೆ ಹತ್ತು ರೂಪಾಯಿ ಮೀರಿದರೆ ಸಾಕು.

ದಫ್ತರ, ಮತ್ತು ಅದರ ಹಿಂದಿನಿಂದ ಶುರುವಾಗುವ ಬಾಕಿ ಪುಟ

ದಪ್ಪ ರಟ್ಟಿನ, ಹೊಲಿದ ಪುಸ್ತಕ ತನ್ನಿ. ಸುರುಳಿ ತಂತಿಯದು ಉಪ್ಪುಗಾಳಿಗೆ ತುಕ್ಕು ಹಿಡಿದು ಹಾಳೆ ಉದುರುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಒಂದೇ ಮಳೆಗಾಲಕ್ಕೆ ಹರಡುತ್ತದೆ. ತಾರೀಖು, ತಿಥಿ, ಇಳಿತದ ಹೊತ್ತು, ಜಾಗ, ಬಂದವರ ಹೆಸರು, ಯಂತ್ರ ಮತ್ತು ಸೆಟ್ಟಿಂಗ್, ಮರಳಿನ ಬಗೆ, ಆಳ, ಸಿಕ್ಕದ್ದು. ಸೆಟ್ಟಿಂಗ್ ಬರೆಯದ ದಾಖಲೆ ಮುಂದೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಜಾಗ ಬರೆಯುವುದರಲ್ಲಿ ಹೆಚ್ಚಿನವರು ಸೋಲುತ್ತಾರೆ. “ನೀಲಿ ಶ್ಯಾಕಿನ ಎದುರು” ಎಂದು ಬರೆದರೆ ಜೂನ್ ಹೊತ್ತಿಗೆ ಶ್ಯಾಕು (ತಡಿಯ ಮೇಲಿನ ತಾತ್ಕಾಲಿಕ ಹೋಟೆಲು) ಬಿಚ್ಚಿಹೋಗಿ, ಮಳೆ ಮುಗಿದ ಮೇಲೆ ಇನ್ನೆಲ್ಲೋ ಏಳುತ್ತದೆ. ಮೊಬೈಲಿನಲ್ಲಿ ಅಕ್ಷಾಂಶ-ರೇಖಾಂಶವನ್ನು ಐದು ದಶಾಂಶದವರೆಗೆ ಬರೆದರೆ ಲೆಕ್ಕದಲ್ಲಿ ಒಂದು ಮೀಟರ್ ನಿಖರತೆ, ಆದರೆ ಮೊಬೈಲೇ ಮೂರ್ನಾಲ್ಕು ಮೀಟರ್ ತಪ್ಪುತ್ತದೆ. ಅದಕ್ಕೆ ಮೀನುಗಾರರ ಪದ್ಧತಿ ಸೇರಿಸಿ. ಒಂದರ ಹಿಂದೊಂದು ಒಂದೇ ಗೆರೆಯಲ್ಲಿ ಕಾಣುವ ಎರಡು ಸ್ಥಿರ ವಸ್ತು ಹಿಡಿಯಿರಿ, ಚರ್ಚಿನ ಶಿಲುಬೆ ಮತ್ತು ನೀರಿನ ಟಾಕಿ ಇದ್ದಂತೆ. ಇನ್ನೊಂದು ದಿಕ್ಕಿನಲ್ಲಿ ಇನ್ನೊಂದು ಜೋಡಿ. ಎರಡು ಗೆರೆ ಕೂಡುವಲ್ಲಿ ನೀವು ನಿಂತಿದ್ದೀರಿ. ನಾಲ್ಕು ವರ್ಷ ಬಿಟ್ಟು ಬಂದರೂ ಅದೇ ಜಾಗಕ್ಕೆ ಬಂದು ನಿಲ್ಲಬಹುದು.

ದಫ್ತರವನ್ನು ತಿರುಗಿಸಿ ಹಿಂದಿನಿಂದ ಇನ್ನೊಂದು ಲೆಕ್ಕ ಶುರು ಮಾಡಿ. ಅದು ಬಾಕಿ ಪುಟ: ಹುಡುಕಿ ಸಿಗದವು. ಒಡೆಯರ ದೂರವಾಣಿ, ಉಂಗುರದ ಗುರುತು, ಹುಡುಕಿದ ಚೌಕದ ನಕ್ಷೆ, ಯಾವ ಭಾಗ ಮುಗಿದಿದೆ ಯಾವುದು ಉಳಿದಿದೆ. ಸಿಕ್ಕಿದ್ದನ್ನು ಬರೆಯಲು ಎಲ್ಲರಿಗೂ ಹುಮ್ಮಸ್ಸು ಇರುತ್ತದೆ, ಸಿಗದ್ದನ್ನು ಬರೆಯಲು ಮನಸ್ಸು ಬಾರದು. ಆದರೆ ಗೋವಾದ ತಡಿ ಪ್ರತಿ ವರ್ಷ ಬಿಚ್ಚಿ ಕಟ್ಟಿಕೊಳ್ಳುತ್ತದೆ. ಜೂನಿನ ಅಲೆ ಮರಳನ್ನು ಕಡಲೊಳಗೆ ಎಳೆದೊಯ್ದು ತಡಿ ತಗ್ಗಿಸುತ್ತದೆ, ಸೆಪ್ಟೆಂಬರ್ ಕಳೆದ ಮೇಲೆ ಮೆಲ್ಲಗೆ ತಂದು ತುಂಬುತ್ತದೆ. ಬೇಸಿಗೆಯಲ್ಲಿ ಎರಡು ಅಡಿ ಆಳದಲ್ಲಿ ಕಾಯಿಲಿಗೆ ನಿಲುಕದಿದ್ದದ್ದು ಮರಳು ತಗ್ಗಿದ ಮಳೆಗಾಲದಲ್ಲಿ ಒಂದು ಗೇಣಿಗೆ ಬಂದಿರಬಹುದು. ಮಳೆ ಬಿಡುವು ಕೊಟ್ಟ ದಿನ, ಕಡಲು ಶಾಂತವಿರುವ ಇಳಿತದಲ್ಲಿ, ನೀರಿಗೆ ಇಳಿಯದೆ ಬಾಕಿ ಪುಟ ಹಿಡಿದು ಹೋಗಿ. ಬೇರೆ ಯಾವುದನ್ನೂ ಅಂದು ಹುಡುಕಬೇಡಿ.

ಹಿರಿಯರ ನೆನಪನ್ನು ಇಳಿಸಿಕೊಳ್ಳುವ ಬಗೆ

ದಫ್ತರ ಶುರುವಾಗುವ ಮುಂಚಿನದು ಹಳಬರ ತಲೆಯಲ್ಲಿದೆ. ಅದನ್ನು ಮನೆಯಲ್ಲಿ ಕೂತು ಕೇಳಿದರೆ ಬರುವುದು ನಾಲ್ಕೇ ಮಾತು. ತಡಿಗೆ ಕರೆದೊಯ್ದು, ಮೊಬೈಲ್ ರೆಕಾರ್ಡರ್ ಹಚ್ಚಿ, ಗಾಳಿಗೆ ಬೆನ್ನು ಮಾಡಿ, ಮೈಕಿಗೆ ಕರವಸ್ತ್ರ ಸುತ್ತಿ ನಡೆಯಿರಿ. “ಯಾವ ಇಸವಿ?” ಎಂದು ಕೇಳಬೇಡಿ. “ಕಾಕಾ, ಈ ಹಳ್ಳ ಆಗ ಎಲ್ಲಿ ಕಡಲಿಗೆ ಸೇರುತ್ತಿತ್ತು? ದೋಣಿ ಎಲ್ಲಿ ಎಳೆದಿಡುತ್ತಿದ್ದರು?” ಎಂದು ಕೇಳಿ. ಹಳ್ಳದ ಬಾಯಿ ಸರಿದಂತೆ ಹಳೆಯ ನಾಣ್ಯ ಕೂಡುವ ಜಾಗವೂ ಸರಿಯುತ್ತದೆ, ಅದು ನಡೆಯುವಾಗ ಮಾತ್ರ ಬಾಯಿಗೆ ಬರುತ್ತದೆ. ಅದೇ ಸಂಜೆ ಕೇಳಿ ಬರೆದು, ಓದಿ ಹೇಳಿ ತಿದ್ದಿಸಿ.

ದುಡ್ಡಿನದಲ್ಲದೆ ನೆನಪಿನದೊಂದು ಡಬ್ಬಿಯೂ ಇರಲಿ. ಅದರಲ್ಲಿ ಬೆಲೆಬಾಳುವುದು ಏನೂ ಬೇಡ. ಕೂಡಿ ಹೆಕ್ಕಿದ ಗಾಳದ ಸೀಸ, ಆಟಿಕೆ ಕಾರು, ಬೀಗದ ಕೈ, ಮಾಲಕರಿಲ್ಲದ ಅಂಗಿಗುಂಡಿ. ಒಂದೊಂದನ್ನೂ ಸಣ್ಣ ಜಿಪ್ ಚೀಲದಲ್ಲಿಟ್ಟು, ಯಾರು ಯಾವಾಗ ಎಲ್ಲಿ ಎಂಬ ಪೆನ್ಸಿಲ್ ಚೀಟಿ ಹಾಕಿ. ಚೀಲ ಪಾಲಿಥಿನ್‌ನದೇ ಆಗಬೇಕು. ಮೆತ್ತನೆಯ ಪಿವಿಸಿ ಆಲ್ಬಮ್ಮಿನಲ್ಲಿಟ್ಟ ತಾಮ್ರಕ್ಕೆ ಕೆಲ ವರ್ಷದಲ್ಲಿ ಹಸಿರು ಅಂಟು ಹತ್ತುತ್ತದೆ. ಕಡಲಿನಿಂದ ಬಂದ ಕಬ್ಬಿಣವನ್ನು ಹಾಗೆಯೇ ಒಣಗಿಸಿದರೆ ಒಳಗಿನ ಉಪ್ಪು ಅದನ್ನು ಪದರಪದರವಾಗಿ ಉದುರಿಸುತ್ತದೆ. ಲೀಟರ್ ನೀರಿಗೆ 20 ಗ್ರಾಂ ವಾಷಿಂಗ್ ಸೋಡಾ ಹಾಕಿ ಅದರಲ್ಲಿ ಮುಳುಗಿಸಿ, ವಾರಕ್ಕೊಮ್ಮೆ ನೀರು ಬದಲಿಸುತ್ತ ಕೆಲವು ತಿಂಗಳು ಇಡಿ. ಅಡುಗೆಯ ಸೋಡಾಖಾರ ಬೇರೆ, ವಾಷಿಂಗ್ ಸೋಡಾ ಬೇರೆ, ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. ಅಲ್ಯುಮಿನಿಯಂ ಮಾತ್ರ ಇದಕ್ಕೆ ಹಾಕಬೇಡಿ, ಕರಗುತ್ತದೆ. ನಾಣ್ಯಕ್ಕೆ ಹುಣಸೆಹಣ್ಣು, ಟೂತ್‌ಪೇಸ್ಟ್ ಹಚ್ಚಿ ತಿಕ್ಕುವ ಆಸೆ ಬಿಡಿ.

ಮಳೆಗಾಲದ ಸಂಜೆ: ಜಾಲಿಸುವುದು

ಮಳೆಗಾಲದಲ್ಲಿ ಬಳಗ ಚದುರದಂತೆ ಹಿಡಿದಿಡಲು ಮರಿಗೆ ಕೆಲಸಕ್ಕಿಂತ (ಅಗಲ ತಟ್ಟೆಯಲ್ಲಿ ಮರಳು ತೊಳೆದು ಭಾರದ ಚೂರು ಉಳಿಸುವುದಕ್ಕಿಂತ) ಒಳ್ಳೆಯದಿಲ್ಲ. ಅಕ್ಕಿ ಜಾಲಿಸಿ ಕಲ್ಲು ತೆಗೆಯುವ ಕೈಗೆ ಚಿನ್ನ ಜಾಲಿಸುವುದು ಅರ್ಧ ಗೊತ್ತು. ಗದುಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಿಗೆ ಹಿಡಿದು ಚಿನ್ನದ ಪುಡಿ ತೆಗೆಯುತ್ತಿದ್ದ ಜಲಗಾರರ ಪ್ರಸ್ತಾಪ, ದಂಬಳದ ಗುಡ್ಡಗಳ ಚಿನ್ನದ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಬರೆದ ವರದಿಯಲ್ಲಿದೆ. ಆ ಗುಡ್ಡ ಈಗ ವನ್ಯಜೀವಿಧಾಮ, ಅಲ್ಲಿ ಹೋಗಿ ಮಾಡುವಂತಿಲ್ಲ. ಮನೆಯ ಟಬ್ಬಿನಲ್ಲೇ ಕೈ ಪಳಗಿಸಬಹುದು.

ಎರಡು ಅಡಿ ಅಗಲದ ಟಬ್ಬಿಗೆ ಒಂದು ಗೇಣು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸೋಪಿಲ್ಲದಿದ್ದರೆ ಸಣ್ಣ ಪುಡಿ ನೀರಿನ ಮೇಲೇ ತೇಲಿ ಹೋಗುತ್ತದೆ. ಮರಿಗೆಯ ಬದಲಿಗೆ ಬಳಸುವ 14 ಇಂಚಿನ ಪ್ಯಾನಿಗೆ ಮೂರನೇ ಒಂದು ಭಾಗ ಮರಳು, ಸ್ವಲ್ಪ ಕಪ್ಪು ಮರಳು, ಸುತ್ತಿಗೆಯಿಂದ ಚಪ್ಪಟೆ ಮಾಡಿದ ಹತ್ತು ಸೀಸದ ಚೂರು. ಸೀಸದ ಸಾಂದ್ರತೆ 11.3, ಚಿನ್ನಕ್ಕಿಂತ ಹಗುರ. ಸೀಸ ಉಳಿಸಬಲ್ಲ ಕೈ ಚಿನ್ನವನ್ನು ಬಿಡದು. ನೀರಿನೊಳಗೆ ಮಟ್ಟಸವಾಗಿ ಹಿಡಿದು ಎಡಬಲಕ್ಕೆ ಜೋರಾಗಿ ಹನ್ನೆರಡು ಸಲ ಅಲ್ಲಾಡಿಸಿ, ಭಾರದ್ದು ತಳ ಸೇರಲಿ. ಆಮೇಲೆ ಮುಂದಕ್ಕೆ ಬಾಗಿಸಿ ಮೇಲಿನ ಮರಳನ್ನು ತೆಳ್ಳಗೆ ತೊಳೆದು ಬಿಡಿ. ಮೂರು ನಾಲ್ಕು ತೊಳೆತಕ್ಕೊಮ್ಮೆ ಮತ್ತೆ ಮಟ್ಟ ಮಾಡಿ ಅಲ್ಲಾಡಿಸಿ. ಭಾರ ಇಳಿಯುವ ಮುನ್ನ ಬಾಗಿಸಿದರೆ ಸೀಸವೂ ಹೋಗುತ್ತದೆ. ಪ್ಯಾನಿಗೆ ಎಣ್ಣೆ ಕೈ ತಾಗಿದ್ದರೂ ಪುಡಿ ಜಾರುತ್ತದೆ. ಕೊನೆಗೆ ಉಳಿದ ಕಪ್ಪು ಮರಳಿನ ಮೇಲೆ ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತ ಆಡಿಸಿ, ಚೂರು ಎಣಿಸಿ. ಹತ್ತಕ್ಕೆ ಹತ್ತು ಬರುವವರೆಗೆ ಸರದಿ. ಸೀಸ ಮುಟ್ಟಿದ ಕೈಯಲ್ಲಿ ಮಿರ್ಚಿ-ಮಂಡಕ್ಕಿ ಮುಟ್ಟಬೇಡಿ, ಸೋಪಿನಿಂದ ತೊಳೆದುಕೊಳ್ಳಿ.

ಕಿವಿ, ಮೊಣಕಾಲು

ವಯಸ್ಸಾದಂತೆ ಮೊದಲು ಹೋಗುವುದು ತಾರಕದ ಸದ್ದು. ಯಂತ್ರ ಸರಿಯಿದೆ, ಕಾಕಾನಿಗೆ ಮಾತ್ರ ಈಚೆಗೆ ಏನೂ ಸಿಗುತ್ತಿಲ್ಲ ಎಂದಾದರೆ ಸೆಟ್ಟಿಂಗಿನಲ್ಲಿ ಟೋನ್ ಪಿಚ್ ಇಳಿಸಿ ಕೊಡಿ. ದಾರ ಕಟ್ಟಿದ ಉಂಗುರ ಹೂತು, ಅವರಿಗೆ ಸ್ಪಷ್ಟ ಕೇಳುವವರೆಗೆ ಇಳಿಸುತ್ತ ಹೋಗಿ, ಆ ಅಂಕಿಯನ್ನು ದಫ್ತರದಲ್ಲಿ ಅವರ ಹೆಸರಿನ ಎದುರು ಬರೆದಿಡಿ. ಕಿವಿ ಮುಚ್ಚುವ ಹೆಡ್‌ಫೋನ್ ಇರಲಿ, ಅಲೆಯ ಮೊರೆತದಲ್ಲಿ ಸಣ್ಣ ಸದ್ದು ಮುಳುಗುತ್ತದೆ. ಮೊಣಕಾಲು ಬಗ್ಗದವರಿಗೆ ಉದ್ದ ಹಿಡಿಯ ಸ್ಕೂಪು. ಅದೂ ಆಗದವರಿಗೆ ಮಡಚುವ ಕುರ್ಚಿ, ಕೊಡೆ, ದಫ್ತರ. ಒಡೆಯರ ಜೊತೆ ಕೂತು ಕೇಳುವ ಕೆಲಸಕ್ಕೆ ಅವರಷ್ಟು ತಕ್ಕವರು ಬೇರೆ ಇಲ್ಲ.

ಯಾರಾದರೂ ಊರಿಗೆ ಮರಳಿದರೆ, ಅಥವಾ ತೀರಿಕೊಂಡು ಮನೆಯವರು ಯಂತ್ರವನ್ನು ಬಳಗಕ್ಕೆ ಕೊಟ್ಟರೆ, ಮೊದಲು ಸೆಲ್ ತೆಗೆದಿಡಿ. ಸೋರಿದ ಸೆಲ್ ಒಳಗಿನ ತಗಡನ್ನು ತಿನ್ನುತ್ತದೆ. ಫ್ಯಾಕ್ಟರಿ ರೀಸೆಟ್ ಒತ್ತಬೇಡಿ. ಅವರು ಉಳಿಸಿದ ಸೆಟ್ಟಿಂಗ್ ಪೂರ್ತಿ ಬರೆದುಕೊಂಡು, ಹಿಡಿಯ ಕೆಳಗೆ ಅವರ ಹೆಸರಿನ ಚೀಟಿ ಅಂಟಿಸಿ. ಬಾಕಿ ಪುಟದಲ್ಲಿ ಅವರ ಕೈಬರಹದ ಕೆಳಗೆ ಉಳಿದಿರುವ ಉಂಗುರಗಳನ್ನು ಯಾರು ಹುಡುಕುವುದೆಂದು ಅಂದೇ ಹಂಚಿಕೊಂಡು, ಹೊಸ ಹೆಸರು ಬರೆದು ತಾರೀಖು ಹಾಕಿ.